ಬಾಡಿಗೆ ಮನೆಗೂ ಕಳೆ ಬರಲಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದವರಿಗೆಲ್ಲ ಒಂದು ಲೆಕ್ಕ ಗೊತ್ತು. ಅಡ್ವಾನ್ಸ್ ವಾಪಸ್ ಕೊಡುವಾಗ ಮಾಲೀಕರು ಪೇಂಟಿಂಗ್ ಬಾಬ್ತು ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಬಹಳಷ್ಟು ಕರಾರು ಪತ್ರಗಳಲ್ಲಿ ಅದು ಮೊದಲೇ ಅಚ್ಚಾಗಿರುತ್ತದೆ. ಹದಿನೆಂಟು ಸಾವಿರ ಬಾಡಿಗೆ ಕಟ್ಟುತ್ತಿದ್ದವರು ಹೋಗುವಾಗ ಗೋಡೆಯ ಬಣ್ಣಕ್ಕೆಂದೇ ಹದಿನೆಂಟು ಸಾವಿರ ಬಿಟ್ಟುಹೋಗುತ್ತಾರೆ, ಆ ಹೊಸ ಬಣ್ಣ ನೋಡುವ ಭಾಗ್ಯ ಮುಂದೆ ಬರುವವರದ್ದು. ತಾವಿದ್ದ ಅಷ್ಟೂ ವರ್ಷ ಬೇರೆ ಯಾರೋ ಆರಿಸಿದ ಮಾಸಲು ಕೆನೆಬಣ್ಣದ ನಡುವೆ, ಕಣ್ಣು ಕುಕ್ಕುವ ಟ್ಯೂಬ್‌ಲೈಟಿನ ಕೆಳಗೆ ದಿನ ದೂಡಿರುತ್ತಾರೆ. ‘ಸ್ವಂತ ಮನೆ ಆಗಲಿ, ಆಮೇಲೆ ನೋಡೋಣ’ ಎಂಬ ಮಾತಿನಲ್ಲೇ ಎಷ್ಟೋ ಮನೆಗಳಲ್ಲಿ ಮಕ್ಕಳು ಹೈಸ್ಕೂಲಿಗೆ ಬಂದುಬಿಡುತ್ತಾರೆ. ಸ್ವಂತ ಮನೆ ಆದ ಮೇಲಾದರೂ ಗೃಹಸಾಲದ ಕಂತು ಮೊದಲು, ಅಂದ ಆಮೇಲೆ.

ಈ ಮುಂದೂಡಿಕೆಯ ಬಗ್ಗೆ ನನಗೆ ನಿಜವಾದ ಬೇಸರವಿದೆ. ಇರುವ ಮನೆ ಇವತ್ತೇ ಚೆಂದವಿರಬೇಕು, ಅದಕ್ಕೆ ದೊಡ್ಡ ದುಡ್ಡೂ ಬೇಡ. ಯಾವುದಕ್ಕೆ ಮೊದಲು ಖರ್ಚು ಮಾಡಬೇಕು, ಯಾವುದಕ್ಕೆ ಆಮೇಲೆ ಎಂಬುದೊಂದು ತಿಳಿದಿರಬೇಕು. ಹೆಚ್ಚಿನವರ ಖರ್ಚು ಶುರುವಾಗುವುದೇ ತುದಿಯಿಂದ: ಗೋಡೆಗೊಂದು ಗಡಿಯಾರ, ಶೋಕೇಸಿಗೊಂದು ಗೊಂಬೆ, ಸೋಫಾ ಮೇಲೆ ನಾಲ್ಕು ದಿಂಬು. ಗೋಡೆ ತೇವ ಹೀರುತ್ತಿರುತ್ತದೆ, ಬೆಳಕು ಕೆಟ್ಟದ್ದಿರುತ್ತದೆ, ಅರ್ಧ ಕೋಣೆಯನ್ನು ಬೇಡದ ಸಾಮಾನು ತಿಂದಿರುತ್ತದೆ. ಅಂಥಲ್ಲಿ ಹತ್ತು ಸಾವಿರದ ಗಡಿಯಾರ ತಂದರೂ ಗೋಡೆಗೆ ಕಳೆ ಬರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಪುಕ್ಕಟೆಯದ್ದು. ಹಾಲಿನಲ್ಲಿರುವುದನ್ನೆಲ್ಲ ಒಂದು ಭಾನುವಾರ ಹೊರಗೆ ಹಾಕಿ, ಬರಿಯ ಕೋಣೆಯನ್ನು ಒಮ್ಮೆ ನೋಡಬೇಕು. ಕಿಟಕಿ ಎಲ್ಲಿದೆ, ಬೆಳಗಿನ ಬಿಸಿಲು ಎಲ್ಲಿಯವರೆಗೆ ಬರುತ್ತದೆ, ಯಾವ ಮೂಲೆಯಲ್ಲಿ ಸದಾ ಕತ್ತಲು ಎಂಬುದು ಆಗ ಕಾಣುತ್ತದೆ. ಒಳಗೆ ವಾಪಸ್ ಬರುವ ಸಾಮಾನು ಅದನ್ನು ನೋಡಿಕೊಂಡು ಬರಲಿ. ಕಿಟಕಿಗೆ ಅಡ್ಡವಾಗಿ ನಿಂತಿದ್ದ ಕಪಾಟು ಪಕ್ಕದ ಗೋಡೆಗೆ ಸರಿದರೆ, ಗೋಡೆಗೆ ಅಂಟಿಕೊಂಡಿದ್ದ ಸೋಫಾ ಅರ್ಧ ಅಡಿ ಮುಂದೆ ಬಂದರೆ, ಅದೇ ಕೋಣೆ ದೊಡ್ಡದಾಗಿ ಕಾಣುತ್ತದೆ. ವಾಪಸ್ ಬರಬೇಕಾಗಿಲ್ಲದ ಸಾಮಾನು ಎಷ್ಟೆಂಬುದು ನೋಡಿದವರಿಗೇ ಆಶ್ಚರ್ಯವಾಗುವಷ್ಟಿರುತ್ತದೆ. ಮದುವೆ, ಗೃಹಪ್ರವೇಶಗಳಲ್ಲಿ ಬಂದ ಉಡುಗೊರೆಗಳನ್ನು ಗೌರವದಿಂದ ಬೇರೆಯವರಿಗೆ ದಾಟಿಸುವುದರಲ್ಲಿ ತಪ್ಪೇನೂ ಇಲ್ಲ.

ಇನ್ನು ಗೋಡೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕಡಿಮೆ ಬಜೆಟ್ಟಿನ ಹಣ ಅತಿ ಹೆಚ್ಚು ಪೋಲಾಗುವುದು ಇಲ್ಲಿಯೇ. ಬಣ್ಣ ಹಳತಾಗಿದ್ದಕ್ಕೆ ಗೋಡೆ ಕೆಟ್ಟು ಕಾಣುತ್ತಿದೆಯೋ, ಒಳಗಿನಿಂದ ತೇವ ಬರುತ್ತಿದೆಯೋ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಬಚ್ಚಲುಮನೆಯ ಹಿಂಬದಿಯ ಗೋಡೆ, ತಾರಸಿಯ ಕೆಳಗಿನ ಮೂಲೆ, ನೆಲದಿಂದ ಒಂದೆರಡು ಅಡಿ ಎತ್ತರದವರೆಗಿನ ಪಟ್ಟಿ, ಇವು ಮಾಮೂಲಿ ಜಾಗಗಳು. ಇಟ್ಟಿಗೆ, ಗಾರೆಯೊಳಗಿನ ಉಪ್ಪನ್ನು ನೀರು ಕರಗಿಸಿಕೊಂಡು ಮೇಲ್ಮೈಗೆ ತರುತ್ತದೆ. ನೀರು ಆರಿದ ಮೇಲೆ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ, ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಬಣ್ಣ ಹಪ್ಪಳದಂತೆ ಏಳುವುದಕ್ಕೆ, ಬಿಳಿ ಹಿಟ್ಟು ಉದುರುವುದಕ್ಕೆ ಇದೇ ಕಾರಣ. ಅದರ ಮೇಲೆ ಎಷ್ಟು ದುಬಾರಿ ಎಮಲ್ಷನ್ ಬಳಿದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಒಂದು ಸುಲಭದ ಪರೀಕ್ಷೆ ಇದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನದ ಜಾಗಕ್ಕೆ ಹಚ್ಚಿ, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಅಂಟಿಸಿ, ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿಗಳಿದ್ದರೆ ತೇವ ಗೋಡೆಯೊಳಗಿನದು. ಹನಿಗಳು ಹೊರಮೈಯಲ್ಲಿದ್ದರೆ ಕೋಣೆಗೆ ಗಾಳಿಯಾಟ ಸಾಲದು ಎಂದರ್ಥ. ಮೊದಲನೆಯದಾದರೆ ಪ್ಲಂಬರ್ ಬರಬೇಕು, ಇಲ್ಲವೇ ತಾರಸಿಯ ಬಿರುಕು ಮುಚ್ಚಬೇಕು. ಅದು ಮಾಲೀಕರು ಹೊರಬೇಕಾದ ಖರ್ಚು, ಕೇಳಲು ಸಂಕೋಚ ಬೇಡ. ಎರಡನೆಯದಾದರೆ ಕಿಟಕಿ ತೆರೆದಿಡುವುದು, ಕಪಾಟನ್ನು ಗೋಡೆಯಿಂದ ಮೂರು ಬೆರಳು ದೂರ ಸರಿಸುವುದು ಸಾಕು. ಕರಾವಳಿ, ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಸುಣ್ಣ ಬಣ್ಣದ ಕೆಲಸವೇನಿದ್ದರೂ ಮಳೆ ಕಳೆದು ಗೋಡೆ ಆರಿದ ಮೇಲೆಯೇ.

ಗೋಡೆ ಒಣಗಿದೆ ಅಂದಮೇಲೆ ಎಲ್ಲ ಗೋಡೆಗೂ ಬಣ್ಣ ಬಳಿಯಬೇಕಿಲ್ಲ. ಒಂದು ಸಾಕು. ಮನೆಯೊಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವ ಗೋಡೆ, ಅಥವಾ ಊಟದ ಮೇಜಿನ ಹಿಂದಿನದು. ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಗೋಡೆ ಅಂದರೆ ನೂರು ಚದರ ಅಡಿ. ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ಗೆ ಸುಮಾರು 60ರಿಂದ 70 ಚದರ ಅಡಿ ಬರುತ್ತದೆ. ಎರಡು ಲೀಟರ್ ತಂದರೆ ಉಳಿಯುತ್ತದೆ, ಉಳಿದದ್ದನ್ನು ಮುಂದೆ ಗೀಚಿದ್ದು, ಉಜ್ಜಿದ್ದು ಮುಚ್ಚಲು ಇಟ್ಟುಕೊಳ್ಳಬಹುದು. ಪ್ರೈಮರ್, ರೋಲರ್, ಸ್ಯಾಂಡ್‌ಪೇಪರ್ ಸೇರಿಸಿದರೂ ಮಧ್ಯಮ ದರ್ಜೆಯ ಬಣ್ಣಕ್ಕೆ ಒಂದೂವರೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಒಂದೇ ಗೋಡೆಗೆ ಪೇಂಟರ್ ಕರೆಯುವ ಅಗತ್ಯವಿಲ್ಲ. ಗೋಡೆ ಉಜ್ಜಿ, ದೂಳು ಒರೆಸಿ, ಪ್ರೈಮರ್ ಒಣಗುವವರೆಗೆ ಕಾಯುವ ತಾಳ್ಮೆ ಇರಬೇಕು, ಅಷ್ಟೆ. ಅಂದ ಕೆಡುವುದು ಬಹುತೇಕ ಅವಸರದಿಂದ.

ಹಳೆಯ ಮನೆಯಾಗಿ, ಗೋಡೆಯಲ್ಲಿ ಸುಣ್ಣವೇ ಇದ್ದರೆ ಎಮಲ್ಷನ್ ಬೇಡವೇ ಬೇಡ. ಸುಣ್ಣವೇ ಇರಲಿ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಿನ ಗುಣ ಪಡೆಯುತ್ತದೆ, ಗೋಡೆಯ ತೇವ ಹೊರಹೋಗಲು ದಾರಿಯನ್ನೂ ಬಿಡುತ್ತದೆ. ಚೆನ್ನಾಗಿ ನೆನೆದ ಸುಣ್ಣವನ್ನು ತೆಳು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಬೆರೆಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಒಂದು ಕೋಟ್ ಅಡ್ಡ, ಇನ್ನೊಂದು ಉದ್ದ ಬಳಿಯುವುದು ನಮ್ಮ ಊರುಗಳ ಪದ್ಧತಿ. ಕೆಮ್ಮಣ್ಣು ಬೆರೆಸಿದರೆ ಬರುವ ನಸುಗೆಂಪು ಯಾವ ಕಂಪನಿಯ ಡಬ್ಬಿಯಲ್ಲೂ ಸಿಗುವುದಿಲ್ಲ. ಆದರೆ ಈಗಾಗಲೇ ಪ್ಲಾಸ್ಟಿಕ್ ಎಮಲ್ಷನ್ ಬಳಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಉದುರಿಹೋಗುತ್ತದೆ. ಗೋಡೆಯ ಮೇಲೇನಿದೆ ಎಂದು ನೋಡಿಕೊಂಡೇ ಸುಣ್ಣ ತರಬೇಕು.

ಬಣ್ಣದಷ್ಟೇ ಮುಖ್ಯವಾದದ್ದು, ಬಣ್ಣಕ್ಕಿಂತ ಅಗ್ಗವಾದದ್ದು ಬೆಳಕು. ಎಲ್‌ಇಡಿ ಬಲ್ಬುಗಳನ್ನು ಅಗ್ಗದ ದರದಲ್ಲಿ ಮನೆಗಳಿಗೆ ಹಂಚುವ ಕೇಂದ್ರ ಸರ್ಕಾರದ ಉಜಾಲಾ ಯೋಜನೆ 2015ರ ಜನವರಿಯಲ್ಲಿ ಶುರುವಾಯಿತು. ಸರ್ಕಾರ ಸಗಟಾಗಿ ಕೊಳ್ಳುವಾಗ 2014ರಲ್ಲಿ ಒಂದು ಎಲ್‌ಇಡಿ ಬಲ್ಬಿಗೆ 310 ರೂಪಾಯಿ ಇದ್ದದ್ದು 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. 60 ವಾಟ್‌ನ ಹಳೇ ಬಲ್ಬ್ ಮಾಡುತ್ತಿದ್ದ ಕೆಲಸವನ್ನು 9 ವಾಟ್‌ನ ಎಲ್‌ಇಡಿ ಮಾಡುತ್ತದೆ. ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್ ಆಗುತ್ತಿದ್ದದ್ದು ಒಂದೂವರೆ ಯೂನಿಟ್ಟಿಗೂ ಕಡಿಮೆ. ಈ ಉಳಿತಾಯ ಎಲ್ಲರಿಗೂ ಗೊತ್ತಿದೆ. ಗಮನಿಸದಿರುವುದು ಬಲ್ಬಿನ ಡಬ್ಬದ ಮೇಲಿನ ಇನ್ನೊಂದು ಸಂಖ್ಯೆ.

ಅದರ ಮೇಲೆ 6500ಕೆ ಎಂದಿದ್ದರೆ ನೀಲಿಛಾಯೆಯ ಬಿಳಿ ಬೆಳಕು. 2700ಕೆ ಅಥವಾ 3000ಕೆ ಎಂದಿದ್ದರೆ ಹಳೇ ಬಲ್ಬಿನ ಹಾಗೆ ಹಳದಿ. ಬೆಲೆ ಹೆಚ್ಚುಕಮ್ಮಿ ಒಂದೇ. ನಮ್ಮ ಮನೆಗಳಲ್ಲಿ ಹಾಲು, ಮಲಗುವ ಕೋಣೆ, ದೇವರಮನೆ ಎಲ್ಲಕ್ಕೂ 6500 ಹಾಕಿ ಬ್ಯಾಂಕಿನ ಕೌಂಟರಿನ ಬೆಳಕು ತಂದುಕೊಂಡಿದ್ದೇವೆ. ಮಕ್ಕಳು ಓದುವ ಜಾಗಕ್ಕೆ, ಅಡುಗೆ ಕಟ್ಟೆಗೆ ಬಿಳಿ ಬೆಳಕು ಇರಲಿ. ಉಳಿದೆಡೆ ಹಳದಿಯೇ ಸರಿ. ಜೊತೆಗೆ, ಒಂದು ಕೋಣೆಗೆ ನಡು ಚಾವಣಿಯಲ್ಲಿ ಒಂದೇ ದೀಪ ಅಂದರೆ ಮೂಲೆಗಳೆಲ್ಲ ಸಪ್ಪೆ, ಕೂತವರ ಮುಖದ ಮೇಲೆ ನೆರಳು. ಅದರ ಬದಲು ಸಣ್ಣ ವಾಟ್‌ನ ಎರಡು ಮೂರು ದೀಪಗಳು ಬೇರೆ ಬೇರೆ ಎತ್ತರದಲ್ಲಿದ್ದರೆ ಕೋಣೆಗೆ ಆಳ ಬರುತ್ತದೆ. ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ ಹೋಲ್ಡರ್ ಇಳಿಬಿಟ್ಟರೆ ಅದೇ ಲ್ಯಾಂಪ್‌ಶೇಡ್. ಬುಟ್ಟಿ ಹೆಣೆಯುವ ಮೇದರ ಕೇರಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಇನ್ನೂ ಇದೆ. ಅವರಲ್ಲೇ ಅಳತೆ ಹೇಳಿ ಮಾಡಿಸಿಕೊಂಡರೆ ಅಂಗಡಿಯದಕ್ಕಿಂತ ಅಗ್ಗ, ಗಟ್ಟಿ, ದುಡ್ಡೂ ನೇರ ಹೆಣೆದ ಕೈಗೇ ಹೋಗುತ್ತದೆ. ಎಲ್‌ಇಡಿ ಅಷ್ಟಾಗಿ ಕಾಯದ ಕಾರಣ ಬಿದಿರಿಗೆ ಅಪಾಯ ಕಡಿಮೆ. ಹಳೇ ಫಿಲಮೆಂಟ್ ಬಲ್ಬನ್ನು ಮಾತ್ರ ಅದರೊಳಗೆ ಹಾಕಬಾರದು.

ನೆಲದ ಬಗ್ಗೆ ಒಂದು ಮಾತು. ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಹಳೇ ಬಡಾವಣೆಗಳಲ್ಲಿ ರೆಡ್ ಆಕ್ಸೈಡ್ ನೆಲದ ಬಾಡಿಗೆ ಮನೆಗಳು ಈಗಲೂ ಸಿಗುತ್ತವೆ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ, ಹಸಿಯಿರುವಾಗಲೇ ಕರಣೆಯಲ್ಲಿ ಗಂಟೆಗಟ್ಟಲೆ ತಿಕ್ಕಿ ನುಣುಪು ತಂದ ನೆಲ ಅದು. ಅಂಥ ಕೆಲಸಗಾರರು ಇವತ್ತು ವಿರಳ. ಆದರೆ ನೆಲ ಮಂಕಾಗಿದೆ ಅಂತ ಅದರ ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಆ್ಯಸಿಡ್ ಮುಟ್ಟಿಸದೆ ಸೌಮ್ಯ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಆರಲು ಬಿಟ್ಟು, ಹಳೇ ಹತ್ತಿ ಬಟ್ಟೆಗೆ ಕೆಲವೇ ಹನಿ ಕೊಬ್ಬರಿ ಎಣ್ಣೆ ಹಾಕಿ ಒಂದೊಂದೇ ಅಡಿ ಜಾಗವನ್ನು ಸುತ್ತುಸುತ್ತಾಗಿ ಉಜ್ಜುತ್ತಾ ಹೋಗಿ. ಮೊದಲು ಬಟ್ಟೆಗೆ ಕಪ್ಪು ಮಣ್ಣು ಹತ್ತುತ್ತದೆ. ಇನ್ನೊಂದು ಬಟ್ಟೆ ತಗೊಂಡು ಮತ್ತೆ ಉಜ್ಜಿದರೆ ಒಳಗಿನಿಂದ ದಾಳಿಂಬೆಯ ಕೆಂಪು ಮೇಲೇಳುತ್ತದೆ. ಕೊನೆಗೆ ಒಣ ಬಟ್ಟೆಯಲ್ಲಿ ಎಣ್ಣೆ ಪೂರ್ತಿ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಕಾಲು ಜಾರುತ್ತದೆ, ದೂಳೂ ಕೂರುತ್ತದೆ. ಇದಕ್ಕೆ ತಗಲುವುದು ಅರ್ಧ ಬಟ್ಟಲು ಎಣ್ಣೆ, ಒಂದು ಮಧ್ಯಾಹ್ನ.

ಇನ್ನು ನಾನು ತುಂಬ ಪ್ರೀತಿಯಿಂದ ಹೇಳಬೇಕಾದದ್ದು ಬಟ್ಟೆಯ ವಿಷಯ. ಕೊಳ್ಳುವ ಮೊದಲು ಅಟ್ಟ, ಟ್ರಂಕು, ಬೀರುವಿನ ತಳ ನೋಡಿ. ಉತ್ತರ ಕರ್ನಾಟಕದ ಮನೆಯಾದರೆ ಅಲ್ಲೊಂದು ಕೌದಿ ಇದ್ದೇ ಇರುತ್ತದೆ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮಕ್ಕಳ ಅಂಗಿಯ ತುಂಡು, ಎಲ್ಲವನ್ನೂ ಪದರ ಪದರವಾಗಿ ಜೋಡಿಸಿ ಕೈಹೊಲಿಗೆ ಹಾಕಿದ್ದು. ಹತ್ತಿರದಿಂದ ನೋಡಿದರೆ ಅಂಚಿನಿಂದ ಶುರುವಾದ ಹೊಲಿಗೆ ಸಾಲು ಸಾಲಾಗಿ ಒಳಮುಖವಾಗಿ ಸಾಗಿರುತ್ತದೆ. ಹೊಲಿಗೆಗಳ ಅಂತರ ಒಂದೇ ಸಮನಿರುವುದಿಲ್ಲ, ಕೆಲವೆಡೆ ಒತ್ತು, ಕೆಲವೆಡೆ ಸಡಿಲ. ಎರಡು ಮೂರು ಹೆಂಗಸರು ಎದುರು ಬದುರು ಕೂತು ಹೊಲಿದಿದ್ದರೆ ಯಾವ ಭಾಗ ಯಾರದ್ದು ಎಂದು ಗುರುತಿಸಬಹುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳಲ್ಲಿ ಬಣ್ಣದ ತುಂಡುಗಳ ಜೋಡಣೆಯೇ ಬೇರೆ. ನಾಲ್ಕೂ ಮೂಲೆಗೆ ಮಡಿಸಿದ ಬಟ್ಟೆಯ ಎಸಳು ಕೂರಿಸಿ ಅದನ್ನು ‘ಫುಲಾ’, ಅಂದರೆ ಹೂವು, ಎನ್ನುತ್ತಾರೆ. ಅವರ ಕೌದಿಗಳು ಇಂದು ದೇಶ ವಿದೇಶಗಳ ಪ್ರದರ್ಶನಗಳಲ್ಲಿ ಗೋಡೆಗೆ ತೂಗುತ್ತಿವೆ. ನಮ್ಮ ಮನೆಯಲ್ಲಿ ಮಾತ್ರ ಕೌದಿ ನೆಂಟರ ಕಣ್ಣಿಗೆ ಬೀಳದಂತೆ ಮಂಚದ ಕೆಳಗಿರುತ್ತದೆ.

ಅದನ್ನು ಹೊರಗೆ ತನ್ನಿ. ಬಿಸಿಲಿಗೆ ಹಾಕಿ, ಸವೆದ ಕಡೆ ತೇಪೆ ಹಾಕಿ. ದಿವಾನದ ಮೇಲೆ ಹಾಸಬಹುದು. ಅಥವಾ ಮೇಲಂಚಿನ ಹಿಂಬದಿಗೆ ಉದ್ದಕ್ಕೂ ಬಟ್ಟೆಯ ಪಟ್ಟಿ ಹೊಲಿದು, ಅದರೊಳಗೆ ಬಿದಿರಿನ ಕೋಲು ತೂರಿಸಿ ಗೋಡೆಗೆ ತೂಗುಹಾಕಬಹುದು. ಎರಡೇ ಮೊಳೆ ಸಾಕು. ಮೊಳೆ ಹೊಡೆಯಲು ಮಾಲೀಕರು ಬಿಡದಿದ್ದರೆ ಪರದೆಯ ಕಂಬಿಗೇ ಕೊಕ್ಕೆ ಹಾಕಿ ತೂಗಬಹುದು. ಆರು ಅಡಿ ಕೌದಿಯೊಂದು ಗೋಡೆ ತುಂಬಿದ ಮೇಲೆ ಅಲ್ಲಿ ಬೇರೆ ಚಿತ್ರ ಬೇಕಾಗುವುದಿಲ್ಲ. ದಪ್ಪ ಬಟ್ಟೆಯಾದ್ದರಿಂದ ಖಾಲಿ ಕೋಣೆಯ ಪ್ರತಿಧ್ವನಿಯನ್ನೂ ತಗ್ಗಿಸುತ್ತದೆ.

ಅಟ್ಟದಲ್ಲಿ ಕೌದಿ ಇಲ್ಲದವರಿಗೆ ಗುಳೇದಗುಡ್ಡದ ಖಣ ಇದೆ. ಕುಪ್ಪಸಕ್ಕೆಂದೇ ನೇಯುವ ಬಟ್ಟೆ, ಅಗಲ ಕಡಿಮೆ, ಆದರೆ ದಿಂಬಿನ ಕವರಿಗೆ, ಮೇಜಿನ ನಡುಪಟ್ಟಿಗೆ, ಚಿತ್ರದ ಚೌಕಟ್ಟಿನೊಳಗೆ ಹಾಕಲು ಒಂದೊಂದು ತುಂಡು ಧಾರಾಳವಾಗಿ ಸಾಕು. ಪರದೆಗೆ ಖಾದಿ ಅಥವಾ ಕೈಮಗ್ಗದ ಹತ್ತಿ ಬಟ್ಟೆ ಮೀಟರ್ ಲೆಕ್ಕದಲ್ಲಿ ತಂದು ಬೀದಿಯ ಟೈಲರ್ ಹತ್ತಿರ ಹೊಲಿಸಿದರೆ ರೆಡಿಮೇಡ್ ಪಾಲಿಯೆಸ್ಟರ್‌ಗಿಂತ ಬಹಳ ಹೆಚ್ಚೇನೂ ಆಗುವುದಿಲ್ಲ, ನೇತಾಡುವ ರೀತಿಯೇ ಬೇರೆ. ರೆಡಿಮೇಡ್ ಪರದೆಗಳು ಸಾಮಾನ್ಯವಾಗಿ 5, 7, 9 ಅಡಿ ಅಳತೆಯಲ್ಲಿ ಬರುತ್ತವೆ. ಕಿಟಕಿಗೆ 5 ಅಡಿಯದು ತಂದು ಚೌಕಟ್ಟಿನ ಮೇಲೇ ಕಂಬಿ ಹೊಡೆಯುವುದು ಎಲ್ಲರ ರೂಢಿ. ಕಂಬಿಯನ್ನು ಒಂದೂವರೆ ಅಡಿ ಮೇಲೆ, ಎರಡೂ ಪಕ್ಕ ಅರ್ಧರ್ಧ ಅಡಿ ಆಚೆಗೆ ಒಯ್ದು, ನೆಲ ಮುಟ್ಟುವ ಪರದೆ ಹಾಕಿ ನೋಡಿ. ತೆರೆದಾಗ ಬಟ್ಟೆ ಗೋಡೆಯ ಮೇಲೆ ಸರಿದು ಕಿಟಕಿ ಪೂರ್ತಿ ಬಿಡುವಾಗುತ್ತದೆ, ಚಾವಣಿ ಎತ್ತರ ಎನ್ನಿಸುತ್ತದೆ.

ದುಬಾರಿ ವಸ್ತು ಒಂದನ್ನಾದರೂ ಕೊಳ್ಳುವ ಆಸೆ ಇದ್ದರೆ ಅದು ನವಲಗುಂದದ ಜಮಖಾನ ಆಗಲಿ ಎಂಬುದು ನನ್ನ ಆಯ್ಕೆ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಮುಸ್ಲಿಂ ಹೆಂಗಸರು ನಿಲುವು ಮಗ್ಗದಲ್ಲಿ ನೇಯುತ್ತಾ ಬಂದದ್ದು. ಪಗಡೆ ಹಾಸಿನ ವಿನ್ಯಾಸ, ನವಿಲು ಅದರ ಗುರುತು. ಜಿಐ ಮಾನ್ಯತೆ ಇದ್ದರೂ ನೇಯುವವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಹತ್ತು ಅಗ್ಗದ ವಸ್ತುಗಳಿಗೆ ಚೆಲ್ಲುವ ಹಣ ಕೂಡಿಟ್ಟು ಇಂಥದ್ದೊಂದನ್ನು ತಂದರೆ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಸಾಗರ, ಸೊರಬ ಕಡೆಯ ದೀವರ ಹೆಂಗಸರ ಹಸೆ ಚಿತ್ತಾರಕ್ಕೂ ಇದೇ ಮಾತು. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ, ಎಲ್ಲವೂ ಮನೆಯ ಸುತ್ತಲಿನದು. ಅದರ ನಕಲನ್ನು ಸ್ಟಿಕರ್ ಮಾಡಿ ಮಾರುತ್ತಾರೆ. ಆ ಸ್ಟಿಕರಿನ ಬದಲು ಕಲಾವಿದೆಯರೇ ಬರೆದ ಸಣ್ಣ ಚಿತ್ರವೊಂದನ್ನು ತಂದು ಚೌಕಟ್ಟು ಹಾಕಿಸುವುದು ಮೇಲು.

ಪೀಠೋಪಕರಣದಲ್ಲಿ ಹೊಸ ಅಗ್ಗದ್ದಕ್ಕಿಂತ ಹಳೇ ಗಟ್ಟಿಯದು ಒಳ್ಳೆಯದು. ಆನ್‌ಲೈನಿನ ಪಾರ್ಟಿಕಲ್ ಬೋರ್ಡ್ ಮೇಜು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಅಂಚಿನ ಪಟ್ಟಿ ಕಿತ್ತು ನೀರು ತಾಗಿದರೆ ಊದಿಕೊಳ್ಳುತ್ತದೆ, ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಬಿಗಿಯಾಗುವುದಿಲ್ಲ. ಎರಡು ಸಲ ಮನೆ ಬದಲಿಸಿದರೆ ಅದರ ಆಯಸ್ಸು ಮುಗಿಯಿತು. ಶಿವಾಜಿನಗರದ ಹಳೇ ಪೀಠೋಪಕರಣದ ಅಂಗಡಿಗಳಲ್ಲಿ, ಊರಿನ ಹರಾಜಿನಲ್ಲಿ, ನೆಂಟರ ಮನೆಯ ಕೊಟ್ಟಿಗೆಯಲ್ಲಿ ತೇಗ, ಹಲಸು, ಹೊನ್ನೆಯ ಕುರ್ಚಿಗಳು ಸಿಗುತ್ತವೆ. ಕೊಳ್ಳುವ ಮುನ್ನ ತಲೆಕೆಳಗು ಮಾಡಿ ನೋಡಬೇಕು. ಸಣ್ಣ ತೂತು, ಅದರಿಂದ ಉದುರುವ ಹಿಟ್ಟಿನಂಥ ಪುಡಿ ಕಂಡರೆ ಹುಳ ಇನ್ನೂ ಒಳಗಿದೆ, ಬಿಟ್ಟುಬಿಡಿ. ಕೀಲು ಅಲ್ಲಾಡಿದರೆ ಚಿಂತೆಯಿಲ್ಲ, ಬಡಗಿ ಅಂಟು ಹಾಕಿ ಬಿಗಿ ಮಾಡುತ್ತಾರೆ. ಹಳೇ ಬಣ್ಣ ತೆಗೆಯಲು 80ರ ಸ್ಯಾಂಡ್‌ಪೇಪರ್, ಆಮೇಲೆ 120, ಕೊನೆಗೆ 220, ಎಳೆ ಹೋದ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ನಂತರ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ತೆಳುವಾಗಿ ನಾಲ್ಕಾರು ಸಲ. ಚನ್ನಪಟ್ಟಣದವರು ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದು, ಕೇದಿಗೆ ಎಲೆಯಲ್ಲಿ ಉಜ್ಜಿ ಹೊಳಪು ತರುವುದೂ ಇದೇ ಅರಗಿನಿಂದ. ಅರಗಿನ ಪಾಲಿಶ್ ಮೇಲೆ ಬಿಸಿ ಪಾತ್ರೆ ಇಟ್ಟರೆ ಮಾತ್ರ ಬಿಳಿ ಕಲೆ ಬೀಳುತ್ತದೆ, ಆದ್ದರಿಂದ ಊಟದ ಮೇಜಿಗೆ ಅದು ಬೇಡ.

ಗಿಡಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನಿಪ್ಲಾಂಟ್, ದೊಡ್ಡಪತ್ರೆ ಒಂದು ಕಡ್ಡಿಯಿಂದ ಬರುತ್ತವೆ, ಪಕ್ಕದ ಮನೆಯವರು ಕೊಡುತ್ತಾರೆ. ಕುಂಡ ಮಾತ್ರ ಮಣ್ಣಿನದೇ ಇರಲಿ. ಬೆಂಗಳೂರಿನವರು ಪಾಟರಿ ಟೌನಿಗೆ ಹೋದರೆ ಕುಂಬಾರರ ಮನೆಬಾಗಿಲಲ್ಲೇ ಸಿಗುತ್ತದೆ.

ಒಟ್ಟು ಖರ್ಚಿನ ಅಂದಾಜು ಬೇಕೆನ್ನುವವರಿಗೆ: ಹದಿನೈದು ಸಾವಿರ ಇದ್ದರೆ ಅದರಲ್ಲಿ ಒಂದೆರಡು ಸಾವಿರ ಬಣ್ಣಕ್ಕೆ, ಎರಡು ಸಾವಿರ ದೀಪ ಮತ್ತು ಬುಟ್ಟಿಗೆ, ನಾಲ್ಕೈದು ಸಾವಿರ ಬಟ್ಟೆಗೆ, ಉಳಿದದ್ದು ಒಂದೇ ಒಂದು ಹಳೇ ಮರದ ವಸ್ತುವಿಗೆ. ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಬೇಡಿ. ಬಣ್ಣ ಬಳಿದು ಬೆಳಕು ಬದಲಿಸಿದ ಮೇಲೆ ಕೆಲವು ವಾರ ಆ ಕೋಣೆಯಲ್ಲಿ ಬದುಕಿದರೆ, ಮುಂದೆ ಏನು ಬೇಕು, ಏನು ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ. ಬೇಕೆಂದುಕೊಂಡಿದ್ದರಲ್ಲಿ ಅರ್ಧ ಅಷ್ಟರಲ್ಲಿ ಪಟ್ಟಿಯಿಂದ ಬಿದ್ದುಹೋಗಿರುತ್ತದೆ.

ಕೊನೆಯದಾಗಿ, ಬಾಡಿಗೆದಾರರು ಕರಾರಿನ ದಿನವೇ ಮಾಡಬೇಕಾದ ಒಂದು ಕೆಲಸವಿದೆ. ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹೋಗುವುದು ಖಚಿತವಾದರೆ, ಆ ಕೆಲಸವನ್ನು ಈಗಲೇ, ನಾವು ಒಳಗೆ ಬರುವ ಮೊದಲೇ ಮಾಡಿಸಿ, ಬಣ್ಣ ನಾವು ಆರಿಸುತ್ತೇವೆ ಎಂದು ಕೇಳಿ. ಒಪ್ಪದಿದ್ದರೆ ನಮ್ಮ ಖರ್ಚಿನಲ್ಲಿ ಒಂದು ಗೋಡೆಗೆ ಬಣ್ಣ, ಎರಡು ಕೋಣೆಗೆ ಪರದೆ ಕಂಬಿ, ನಾಲ್ಕು ಮೊಳೆಗೆ ಅನುಮತಿ ಎಂದು ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮನೆ ಬಿಡುವ ಹೊತ್ತಿಗೆ ಇಬ್ಬರಿಗೂ ಮರೆತಿರುತ್ತದೆ. ಮನೆ ಸೇರುವ ದಿನ ಪ್ರತಿ ಗೋಡೆಯ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿಡಿ, ತೇವದ ಕಲೆ ಇದ್ದರೆ ಅದನ್ನು ವಿಶೇಷವಾಗಿ. ಅದೇ ದಿನ ಕಿಟಕಿಗಳ ಅಳತೆಯನ್ನೂ ಬರೆದಿಟ್ಟುಕೊಳ್ಳಿ, ಅಕ್ಟೋಬರ್ 2ರ ಗಾಂಧಿ ಜಯಂತಿಯ ರಿಯಾಯಿತಿ ಶುರುವಾದಾಗ ಖಾದಿ ಭಂಡಾರದಲ್ಲಿ ಪರದೆ ಬಟ್ಟೆ ಇನ್ನಷ್ಟು ಅಗ್ಗಕ್ಕೆ ಸಿಗುತ್ತದೆ. ಹೊಲಿಸುವ ಮೊದಲು ಆ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕುವುದನ್ನು ಮರೆಯಬೇಡಿ, ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡಲಿ.